ಕರಗಿಸದೆ ತೊಳಸಿದರೆ ಟೈಟಾನಿಯಂ ಏನಾಗುತ್ತದೆ?

ಒಂದು ಲೋಹವನ್ನು ಬಲಪಡಿಸುವುದು ಹೇಗೆ ಎಂದು ತರಗತಿಯಲ್ಲಿ ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: ಅದಕ್ಕೆ ಇನ್ನೇನನ್ನಾದರೂ ಬೆರೆಸಬೇಕು. ತಾಮ್ರಕ್ಕೆ ತವರ ಬೆರೆಸಿದರೆ ಕಂಚು, ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು. ಉತ್ತರ ಸರಿ, ಆದರೆ ಅರ್ಧ ಮಾತ್ರ. ಏನನ್ನೂ ಬೆರೆಸದೆ, ಕರಗಿಸದೆ, ಬರೀ ಉಜ್ಜಿ ತೊಳಸಿಯೇ ಲೋಹದ ಬಲವನ್ನು ಬದಲಾಯಿಸಬಹುದು. ಇದಕ್ಕೆ ಇಂಗ್ಲಿಷಿನಲ್ಲಿ ಫ್ರಿಕ್ಷನ್ ಸ್ಟರ್ ಪ್ರೋಸೆಸಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ನಾನು ಇದನ್ನು ‘ಉಜ್ಜಿ ತೊಳಸುವ ವಿಧಾನ’ ಎಂದು ಕರೆಯುತ್ತೇನೆ. ಟೈಟಾನಿಯಂ ಮಿಶ್ರಲೋಹದ ಮೇಲೆ ಈ ವಿಧಾನ ಏನು ಮಾಡುತ್ತದೆ ಎಂಬುದನ್ನು ವಿಜ್ಞಾನ ವಿಭಾಗದವರಿಗಷ್ಟೇ ಅಲ್ಲ, ಕಲಾ ಮತ್ತು ವಾಣಿಜ್ಯ ವಿಭಾಗದ ಗೆಳೆಯರಿಗೂ ಅರ್ಥವಾಗುವಂತೆ ಹೇಳಲು ಪ್ರಯತ್ನಿಸಿದ್ದೇನೆ.

ಟೈಟಾನಿಯಂ ಯಾಕೆ?

ರಸಾಯನಶಾಸ್ತ್ರ ಓದುವವರಿಗೆ ಟೈಟಾನಿಯಂ ಪರಿಚಿತ. ಪರಮಾಣು ಸಂಖ್ಯೆ 22, ಸಂಕ್ರಮಣ ಧಾತುಗಳ ಸಾಲಿನ ಎರಡನೆಯದು. ಒಂದು ಘನ ಸೆಂಟಿಮೀಟರ್ ಕಬ್ಬಿಣ ಸುಮಾರು 7.9 ಗ್ರಾಂ ತೂಗಿದರೆ ಅಷ್ಟೇ ಟೈಟಾನಿಯಂ ತೂಗುವುದು 4.5 ಗ್ರಾಂ. ತುಕ್ಕು ಹಿಡಿಯುವುದಿಲ್ಲ, ದೇಹದೊಳಗೆ ಇಟ್ಟರೂ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ‘ಅಪಘಾತ ಆಗಿ ಕಾಲಿಗೆ ರಾಡ್ ಹಾಕಿದ್ದಾರೆ’ ಎಂಬ ಮಾತು ನಮ್ಮ ಊರುಗಳಲ್ಲಿ ಎಲ್ಲರೂ ಕೇಳಿರುತ್ತೇವೆ. ಆ ರಾಡು, ಪ್ಲೇಟು, ಸ್ಕ್ರೂಗಳು ಒಂದೋ ವಿಶೇಷ ಉಕ್ಕಿನವು, ಇಲ್ಲವೇ ಟೈಟಾನಿಯಂ ಮಿಶ್ರಲೋಹದವು. ವಿಮಾನದ ಎಂಜಿನ್ನಿನ ಮುಂಭಾಗದ ಫ್ಯಾನು, ರಾಕೆಟ್ಟುಗಳಲ್ಲಿ ಹೆಚ್ಚಿನ ಒತ್ತಡದ ಅನಿಲ ತುಂಬುವ ಗುಂಡಗಿನ ಟ್ಯಾಂಕುಗಳಿಗೂ ಇದೇ ಲೋಹ ಬೇಕು.

ಇದರ ಅದಿರು ನಮಗೆ ಬಹಳ ದೂರದ್ದೇನಲ್ಲ. ಗುಂಡ್ಲುಪೇಟೆ ದಾಟಿ ಕಾಡಿನ ದಾರಿಯಲ್ಲಿ ಹೋದರೆ ಕೇರಳ. ಆ ರಾಜ್ಯದ ಕೊಲ್ಲಂ ಜಿಲ್ಲೆಯ ಚವರ ಎಂಬಲ್ಲಿ ಕಡಲತೀರದ ಕರಿಮರಳಿನಲ್ಲಿ ಟೈಟಾನಿಯಂ ಅದಿರು ಸಿಗುತ್ತದೆ. ಅಲ್ಲಿ 2011ರಲ್ಲಿ ಟೈಟಾನಿಯಂ ಸ್ಪಾಂಜ್, ಅಂದರೆ ಕಚ್ಚಾ ಟೈಟಾನಿಯಂ ಲೋಹ ತಯಾರಿಸುವ ಘಟಕ ಶುರುವಾಯಿತು.

ಇಷ್ಟು ಒಳ್ಳೆಯ ಲೋಹವಾದರೂ ಶುದ್ಧ ಟೈಟಾನಿಯಂ ಅಷ್ಟೇನೂ ಬಲವಾದದ್ದಲ್ಲ. ಅದಕ್ಕೆ ತೂಕದಲ್ಲಿ ನೂರಕ್ಕೆ 6 ಭಾಗ ಅಲ್ಯೂಮಿನಿಯಂ, 4 ಭಾಗ ವನೇಡಿಯಂ ಸೇರಿಸಿದ ಮಿಶ್ರಲೋಹವೇ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು. ಎಂಜಿನಿಯರುಗಳು ಅದನ್ನು ‘ಸಿಕ್ಸ್-ಫೋರ್’ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಹೆಚ್ಚಾಗಿ ಇದರ ಬಗ್ಗೆಯೇ.

ಲೋಹದೊಳಗಿನ ಹರಳುಗಳು

ಮನೆಯ ಹಳೆಯ ಜಿಂಕ್ ಶೀಟನ್ನು ಒಮ್ಮೆ ಹತ್ತಿರದಿಂದ ನೋಡಿ. ಅದರ ಮೇಲೆ ಹೂವಿನಂತೆ, ಒಡೆದ ಗಾಜಿನಂತೆ ತುಂಡು ತುಂಡಾದ ಹೊಳಪಿನ ವಿನ್ಯಾಸ ಕಾಣುತ್ತದೆ. ಅದು ಯಾರೂ ಬಿಡಿಸಿದ ಚಿತ್ರವಲ್ಲ. ಶೀಟಿನ ಮೇಲಿನ ಸತುವಿನ ಲೇಪ ತಣ್ಣಗಾಗಿ ಗಟ್ಟಿಯಾದಾಗ ಬೆಳೆದ ಹರಳುಗಳು ಅವು. ಒಂದೊಂದು ತುಂಡಿನಲ್ಲಿ ಪರಮಾಣುಗಳು ಒಂದೊಂದು ದಿಕ್ಕಿಗೆ ಸಾಲಾಗಿ ನಿಂತಿವೆ. ದಿಕ್ಕು ಬೇರೆಯಾದ್ದರಿಂದ ಬೆಳಕು ಬೇರೆ ಬೇರೆ ಕಡೆಗೆ ಚಿಮ್ಮುತ್ತದೆ.

ಎಲ್ಲ ಲೋಹಗಳೂ ಹೀಗೆಯೇ ಹರಳುಗಳ ರಾಶಿ. ಎಂಜಿನಿಯರಿಂಗಿನಲ್ಲಿ ಇವುಗಳಿಗೆ ಗ್ರೇನ್ ಎನ್ನುತ್ತಾರೆ. ಸಾಮಾನ್ಯವಾಗಿ ಅವು ಕಣ್ಣಿಗೆ ಕಾಣುವಷ್ಟು ದೊಡ್ಡವಲ್ಲ. ನಮ್ಮ ಚಾಮರಾಜನಗರದ ಕರಿಕಲ್ಲನ್ನೂ ದೊಡ್ಡ ಹರಳಿನ ಬೂದು ಗ್ರಾನೈಟನ್ನೂ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಒಂದರಲ್ಲಿ ಹರಳು ನುಣ್ಣಗೆ, ಇನ್ನೊಂದರಲ್ಲಿ ದಪ್ಪ. ಲೋಹಗಳಲ್ಲೂ ಈ ನುಣುಪು, ದಪ್ಪ ಇರುತ್ತದೆ. ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಕು, ಅಷ್ಟೇ.

ಇದರಿಂದ ಬಲಕ್ಕೇನು? ಲೋಹದ ತಂತಿಯನ್ನು ಬಗ್ಗಿಸಿದಾಗ ಒಳಗೆ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರುತ್ತವೆ. ಹರಳಿನ ಒಳಗೆ ಈ ಜಾರುವಿಕೆ ಸಲೀಸು. ಆದರೆ ಹರಳಿನ ಅಂಚಿಗೆ ಬಂದಾಗ ಮುಂದಿನ ಹರಳಿನಲ್ಲಿ ಸಾಲುಗಳ ದಿಕ್ಕೇ ಬೇರೆ. ಜಾರುವಿಕೆ ಅಲ್ಲಿ ತಡೆಯುತ್ತದೆ. ಹರಳು ಸಣ್ಣದಾದಷ್ಟೂ ಅಂಚುಗಳು ಹೆಚ್ಚು, ಅಂಚುಗಳು ಹೆಚ್ಚಾದಷ್ಟೂ ತಡೆ ಹೆಚ್ಚು. ಹೊಲದಲ್ಲಿ ಬದುಗಳು ಹೆಚ್ಚಿದ್ದರೆ ನೀರು ಓಡುವುದು ಕಷ್ಟವಾಗುವ ಹಾಗೆ.

ಹಾಲ್ 1951ರಲ್ಲಿ, ಪೆಚ್ 1953ರಲ್ಲಿ ಇದನ್ನು ಒಂದು ಸೂತ್ರಕ್ಕೆ ತಂದರು. ಹರಳಿನ ಅಂಚುಗಳಿಂದ ಸಿಗುವ ಬಲ ಹರಳಿನ ಅಗಲದ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಲೆಕ್ಕ ಸುಲಭ. ಹರಳಿನ ಅಗಲ 16 ಮೈಕ್ರಾನಿನಿಂದ 1 ಮೈಕ್ರಾನಿಗೆ ಇಳಿದರೆ, 16ರ ವರ್ಗಮೂಲ 4, ಆದ್ದರಿಂದ ಅಂಚುಗಳಿಂದ ಸಿಗುವ ಬಲದ ಪಾಲು ನಾಲ್ಕು ಪಟ್ಟು. ಲೋಹದ ಒಟ್ಟು ಬಲ ನಾಲ್ಕು ಪಟ್ಟಾಗುತ್ತದೆ ಎಂದಲ್ಲ, ಈ ಒಂದು ಪಾಲು ಮಾತ್ರ. ಇದನ್ನು ನೆನಪಿನಲ್ಲಿಡಬೇಕು.

ಪ್ರಥಮ ಪಿಯುಸಿಯವರಿಗೆ ಇಲ್ಲಿ ಒಂದು ಮಾತು. ಯಂಗ್ಸ್ ಮಾಡ್ಯುಲಸ್ ಮತ್ತು ಬಲ ಎರಡೂ ಒಂದೇ ಅಲ್ಲ. ಲೋಹ ಎಷ್ಟು ಸೆಟೆದು ನಿಲ್ಲುತ್ತದೆ ಎಂಬುದನ್ನು ಮಾಡ್ಯುಲಸ್ ಹೇಳುತ್ತದೆ. ಅದು ಪರಮಾಣುಗಳ ನಡುವಿನ ಬಂಧಕ್ಕೆ ಸೇರಿದ್ದು. ಸಿಕ್ಸ್-ಫೋರ್‌ಗೆ ಅದು ಸುಮಾರು 110 ಗಿಗಾಪ್ಯಾಸ್ಕಲ್. ಹರಳು ಸಣ್ಣದಾದ ಮಾತ್ರಕ್ಕೆ ಅದು ಹೆಚ್ಚುಕಡಿಮೆ ಬದಲಾಗುವುದಿಲ್ಲ. ಬಗ್ಗಿದ ಮೇಲೆ ಮತ್ತೆ ನೇರವಾಗದೆ ಉಳಿದುಬಿಡುವ ಹಂತಕ್ಕೆ ಬೇಕಾದ ಒತ್ತಡವೇ ಯೀಲ್ಡ್ ಸ್ಟ್ರೆಂತ್. ಸಿಕ್ಸ್-ಫೋರ್‌ಗೆ ಅದು ಸುಮಾರು 880 ಮೆಗಾಪ್ಯಾಸ್ಕಲ್, ಮಾಮೂಲಿ ಕಟ್ಟಡದ ಉಕ್ಕಿನ ತೊಲೆಗಳಿಗೆ ಸುಮಾರು 250. ಹರಳಿನ ಗಾತ್ರ ಬದಲಾಯಿಸುವುದು ಇದನ್ನು.

ಉಜ್ಜಿ ತೊಳಸುವುದು

1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಹತ್ತಿರದ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಲ್ಲಿ ವೇಯ್ನ್ ಥಾಮಸ್ ಮತ್ತು ಸಂಗಡಿಗರು ಹೊಸ ಬೆಸುಗೆಯೊಂದನ್ನು ಕಂಡುಹಿಡಿದರು. ಗಟ್ಟಿ ಲೋಹದ ದಪ್ಪ ದಂಡ. ಅದರ ತುದಿಯಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಪಿನ್. ದಂಡವನ್ನು ವೇಗವಾಗಿ ತಿರುಗಿಸುತ್ತಾ ಪಿನ್ನನ್ನು ಎರಡು ಹಲಗೆಗಳ ಸಂದಿಗೆ ಒತ್ತಿ ಇಳಿಸುತ್ತಾರೆ. ಪಿನ್ನಿನ ಮೇಲಿನ ಅಗಲ ಭಾಗ ಹಲಗೆಯ ಮೇಲ್ಮೈಯನ್ನು ಉಜ್ಜುತ್ತದೆ. ಆ ಘರ್ಷಣೆಯ ಬಿಸಿಗೆ ಲೋಹ ಮೆದುವಾಗುತ್ತದೆ, ಆದರೆ ಕರಗುವುದಿಲ್ಲ. ಪಿನ್ ಆ ಮೆದು ಲೋಹವನ್ನು ತೊಳಸುತ್ತಾ ಮುಂದೆ ಸಾಗುತ್ತದೆ, ಹಿಂದೆ ಎರಡು ಹಲಗೆಗಳೂ ಸೇರಿ ಒಂದಾಗಿರುತ್ತವೆ.

ಈ ಬೆಸುಗೆಯ ಜಾಗದಲ್ಲಿ ಹರಳುಗಳು ಬಹಳ ಸಣ್ಣದಾಗಿರುವುದು ಕಂಡುಬಂತು. ಹಾಗಿದ್ದರೆ ಎರಡು ಹಲಗೆ ಏಕೆ? ಒಂದೇ ಹಲಗೆಯ ಮೇಲೆ, ಬೆಸೆಯುವುದಕ್ಕಲ್ಲದೆ ಹರಳು ಸಣ್ಣ ಮಾಡುವುದಕ್ಕೇ ಈ ಉಪಕರಣವನ್ನು ಓಡಿಸಬಾರದೇಕೆ? ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಮೂಲದ ವಿಜ್ಞಾನಿ ರಾಜೀವ್ ಮಿಶ್ರಾ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ಮೇಲೆ ಇದನ್ನು ಮಾಡಿ ತೋರಿಸಿದರು. ಉಜ್ಜಿ ತೊಳಸುವ ವಿಧಾನ ಹುಟ್ಟಿದ್ದು ಹೀಗೆ.

ಚಾಮರಾಜನಗರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಮಾಮುಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ. ನಾವು ಮನೆಯಲ್ಲಿ ಉರ್ದುವಿನಲ್ಲಿ ಮಾತಾಡುವುದು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. “ಕರಗದೆ ಇದ್ದರೆ ಹಿಡಿದುಕೊಳ್ಳುವುದು ಹೇಗೆ ಬೇಟಾ? ರಾಡು ಕರಗಬೇಕು, ಕಬ್ಬಿಣವೂ ಕರಗಬೇಕು. ಆಮೇಲೆ ತಾನೇ ಜಾಯಿಂಟು?” ಎಂದರು. “ಮಾಮು, ಮುಮಾನಿ ಮುದ್ದೆ ಮಾಡುವಾಗ ಹಿಟ್ಟು ಕರಗುತ್ತದಾ?” ಎಂದು ಕೇಳಿದೆ. ಅವರು ನಕ್ಕು, “ಕರಗಲ್ಲ. ಬಿಸಿ ಇರುವಾಗಲೇ ಕೋಲಿನಲ್ಲಿ ತೊಳಸಿದರೆ ಗಂಟು ಒಡೆದು ಒಂದಾಗುತ್ತದೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಕೋಲು ಎಂಥಾದ್ದಿರಬೇಕು!” ಎಂದರು. ಟೈಟಾನಿಯಂ ವಿಷಯದಲ್ಲಿ ಇದೇ ಅತಿ ಕಷ್ಟದ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ಮುದ್ದೆಯ ಹೋಲಿಕೆ ಒಂದು ಮಟ್ಟಿಗೆ ಸರಿ. ಆದರೆ ಲೋಹದಲ್ಲಿ ಹರಳು ಒಡೆಯುವುದಷ್ಟೇ ನಡೆಯುವುದಿಲ್ಲ. ಬಿಸಿಯಲ್ಲಿ ಜೋರಾಗಿ ಹಿಂಡಿಸಿಕೊಂಡ ಹರಳಿನ ಒಳಗೆ ಸಾಲುಗಳೆಲ್ಲ ಅಸ್ತವ್ಯಸ್ತವಾಗುತ್ತವೆ. ಆ ಗೊಂದಲದ ನಡುವೆ ಹೊಸದಾಗಿ, ಅಚ್ಚುಕಟ್ಟಾದ ಪುಟ್ಟ ಹರಳುಗಳು ಹುಟ್ಟುತ್ತವೆ. ಅವು ದೊಡ್ಡದಾಗುವ ಮೊದಲೇ ಉಪಕರಣ ಮುಂದೆ ಹೋಗಿ ಲೋಹ ತಣ್ಣಗಾಗುತ್ತದೆ.

995 ಡಿಗ್ರಿಯ ಗೆರೆ

ಅಲ್ಯೂಮಿನಿಯಂನಲ್ಲಿ ಕತೆ ಇಲ್ಲಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಟೈಟಾನಿಯಂನಲ್ಲಿ ಶುರುವಾಗುತ್ತದೆ.

ಟೈಟಾನಿಯಂ ಪರಮಾಣುಗಳು ಎರಡು ರೀತಿಯಲ್ಲಿ ಜೋಡಣೆಯಾಗಬಲ್ಲವು. ತಣ್ಣಗಿರುವಾಗ ಆರು ಮೂಲೆಯ ಜೋಡಣೆ, ಅದಕ್ಕೆ ಆಲ್ಫಾ ಎಂದು ಹೆಸರು. ಬಿಸಿಯಾದಾಗ ಘನಾಕೃತಿಯ ಜೋಡಣೆ, ಅದು ಬೀಟಾ. ಶುದ್ಧ ಟೈಟಾನಿಯಂ 882 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಸಿಕ್ಸ್-ಫೋರ್‌ನಲ್ಲಿ ಅಲ್ಯೂಮಿನಿಯಂ ಆಲ್ಫಾವನ್ನು, ವನೇಡಿಯಂ ಬೀಟಾವನ್ನು ಹಿಡಿದಿಡುತ್ತವೆ. ಆದ್ದರಿಂದ ಮಾಮೂಲಿ ತಾಪದಲ್ಲಿ ಎರಡೂ ಒಟ್ಟಿಗಿರುತ್ತವೆ, ಆಲ್ಫಾ ಹೆಚ್ಚು, ಬೀಟಾ ಕಡಿಮೆ. ಸುಮಾರು 995 ಡಿಗ್ರಿ ದಾಟಿದರೆ ಪೂರ್ತಿ ಬೀಟಾ.

ತೊಳಸುವಾಗ ಈ ಗೆರೆಯ ಕೆಳಗಿದ್ದೆವೋ, ಮೇಲಿದ್ದೆವೋ ಎಂಬುದರ ಮೇಲೆ ಫಲಿತಾಂಶ ನಿಂತಿದೆ.

ಕೆಳಗಿದ್ದರೆ, ಹಳೆಯ ಉದ್ದುದ್ದ ಆಲ್ಫಾ ಪದರಗಳು ತುಂಡಾಗಿ, ಎಲ್ಲ ಕಡೆಗೂ ಒಂದೇ ಅಳತೆಯ ಪುಟ್ಟ ಹರಳುಗಳಾಗುತ್ತವೆ. ಸಾಸಿವೆ ಹರಡಿದಂತೆ. ಅಗಲ ಸುಮಾರು 1 ಮೈಕ್ರಾನ್, ಕೆಲವೊಮ್ಮೆ ಇನ್ನೂ ಕಡಿಮೆ.

ಮೇಲಿದ್ದರೆ, ತೊಳಸುವ ಹೊತ್ತಿಗೆ ಎಲ್ಲವೂ ಬೀಟಾ. ತಣ್ಣಗಾಗುವಾಗ ಆ ಬೀಟಾ ಹರಳುಗಳ ಒಳಗೆ ಆಲ್ಫಾ ತೆಳುವಾದ ಪಟ್ಟಿಗಳಾಗಿ ಮೂಡುತ್ತದೆ. ಪಟ್ಟಿಗಳು ಒಂದನ್ನೊಂದು ಅಡ್ಡಹಾಯ್ದು ಚಾಪೆ ಹೆಣೆದಂತೆ ಕಾಣುತ್ತವೆ.

ಒಂದೇ ಹಲಗೆ, ಒಂದೇ ಉಪಕರಣ, ತಿರುಗಿಸುವ ವೇಗದಲ್ಲಿ ಸ್ವಲ್ಪ ವ್ಯತ್ಯಾಸ. ಒಂದು ಕಡೆ ಸಾಸಿವೆ, ಇನ್ನೊಂದು ಕಡೆ ಚಾಪೆ. ಎರಡರಲ್ಲೂ ಗಡಸುತನ ಸಾಮಾನ್ಯವಾಗಿ ಮೊದಲಿಗಿಂತ ಹೆಚ್ಚೇ, ಆದರೆ ದುಪ್ಪಟ್ಟೇನೂ ಅಲ್ಲ. ಹಾಗಿದ್ದರೆ ಇಷ್ಟು ಕಷ್ಟಪಡುವುದು ಯಾಕೆ?

ಬಿರುಕು ಹುಟ್ಟುವುದು, ಬಿರುಕು ಬೆಳೆಯುವುದು

ಉತ್ತರ ಎಳೆದು ಮುರಿಯುವ ಬಲದಲ್ಲಿಲ್ಲ, ದಣಿವಿನಲ್ಲಿದೆ. ಬೈಂಡಿಂಗ್ ವೈರನ್ನು ಕೈಯಲ್ಲಿ ಎಳೆದು ಮುರಿಯಲಾಗುವುದಿಲ್ಲ. ಆದರೆ ಅತ್ತಿತ್ತ ಹತ್ತಾರು ಸಲ ಬಗ್ಗಿಸಿದರೆ ಮುರಿಯುತ್ತದೆ. ಇದೇ ಲೋಹದ ದಣಿವು, ಫಟೀಗ್. ಮೂಳೆಯೊಳಗಿನ ರಾಡು ಪ್ರತಿ ಹೆಜ್ಜೆಗೂ ಒಂದು ಸಲ ಭಾರ ಹೊರುತ್ತದೆ. ವಿಮಾನದ ಫ್ಯಾನು ಪ್ರತಿ ಹಾರಾಟಕ್ಕೂ ಒಂದು ಸಲ ಪೂರ್ತಿ ವೇಗಕ್ಕೆ ಏರಿ ಇಳಿಯುತ್ತದೆ. ಒಂದು ಸಲದ ಭಾರಕ್ಕೆ ಏನೂ ಆಗದ ಲೋಹ ಲಕ್ಷ ಸಲದ ಭಾರಕ್ಕೆ ಬಿರುಕು ಬಿಡಬಹುದು.

1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಡಿಸಿ-10 ವಿಮಾನವೊಂದು ಅಪ್ಪಳಿಸಿ ನೂರಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ಎಂಜಿನ್ನಿನ ಫ್ಯಾನಿನ ಚಕ್ರ ಆಕಾಶದಲ್ಲೇ ಒಡೆದಿತ್ತು. ಆ ಚಕ್ರ ಟೈಟಾನಿಯಂ ಸಿಕ್ಸ್-ಫೋರ್‌ನದು. ಲೋಹ ತಯಾರಾಗುವಾಗಲೇ ಒಂದು ಪುಟ್ಟ ಜಾಗದಲ್ಲಿ ಸಾರಜನಕ ಹೆಚ್ಚಾಗಿ ಸೇರಿ ಅಲ್ಲಿ ಪೆಡಸಾಗಿತ್ತು. ಅಲ್ಲಿ ಹುಟ್ಟಿದ ಬಿರುಕು ವರ್ಷಗಟ್ಟಲೆ, ಹಾರಾಟದಿಂದ ಹಾರಾಟಕ್ಕೆ, ಯಾರ ಕಣ್ಣಿಗೂ ಬೀಳದೆ ಬೆಳೆದಿತ್ತು. ಟೈಟಾನಿಯಂನ ಒಳರಚನೆ ಬರೀ ಪ್ರಯೋಗಾಲಯದ ವಿಷಯವಲ್ಲ ಎಂದು ನನಗೆ ಅನ್ನಿಸಿದ್ದು ಈ ಘಟನೆಯ ಬಗ್ಗೆ ಓದಿದಾಗ.

ದಣಿವಿನಲ್ಲಿ ಎರಡು ಹಂತ: ಬಿರುಕು ಹುಟ್ಟುವುದು, ಆಮೇಲೆ ಬೆಳೆಯುವುದು. ಸಾಸಿವೆಯಂಥ ಪುಟ್ಟ ಹರಳುಗಳಲ್ಲಿ ಬಿರುಕು ಸುಲಭವಾಗಿ ಹುಟ್ಟುವುದಿಲ್ಲ, ಏಕೆಂದರೆ ಸಾಲುಗಳು ಜಾರಲು ದೂರವೇ ಇಲ್ಲ. ಆದರೆ ಒಮ್ಮೆ ಹುಟ್ಟಿದರೆ ಅದು ನೇರ ದಾರಿಯಲ್ಲಿ ಓಡುತ್ತದೆ. ದಪ್ಪ ಪದರಗಳ ರಚನೆಯಲ್ಲಿ ಇದಕ್ಕೆ ತಿರುಗುಮುರುಗು. ಬಿರುಕು ಬೇಗ ಹುಟ್ಟುತ್ತದೆ, ಆದರೆ ಪದರ ಪದರಕ್ಕೂ ದಿಕ್ಕು ಬದಲಿಸಿ ಸುತ್ತಿ ಬಳಸಿ ಹೋಗಬೇಕಾದ್ದರಿಂದ ನಿಧಾನವಾಗಿ ಬೆಳೆಯುತ್ತದೆ. ಎರಡೂ ಒಳ್ಳೆಯ ಗುಣ ಒಂದೇ ರಚನೆಯಲ್ಲಿ ಸಿಗುವುದು ಕಷ್ಟ.

ಉಜ್ಜಿ ತೊಳಸುವ ವಿಧಾನದ ನಿಜವಾದ ಲಾಭ ಇಲ್ಲಿದೆ. ಬಿರುಕು ಹೆಚ್ಚಾಗಿ ಹುಟ್ಟುವುದು ಮೇಲ್ಮೈಯಲ್ಲಿ. ಪಿನ್ ತೊಳಸುವುದೂ ಮೇಲಿನ ಕೆಲವು ಮಿಲಿಮೀಟರುಗಳನ್ನು ಮಾತ್ರ. ಹಾಗಾಗಿ ಮೇಲೆ ಬಿರುಕು ಹುಟ್ಟಗೊಡದ ಸಣ್ಣ ಹರಳು, ಒಳಗೆ ಬಿರುಕು ಬೆಳೆಯಗೊಡದ ದಪ್ಪ ಪದರ, ಎರಡನ್ನೂ ಒಂದೇ ತುಂಡಿನಲ್ಲಿ ಪಡೆಯಬಹುದು. ಅಚ್ಚಿನಲ್ಲಿ ಎರಕ ಹೊಯ್ದ ಟೈಟಾನಿಯಂ ಭಾಗಗಳಿಗೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಎರಕದಲ್ಲಿ ಪದರಗಳು ಬಹಳ ದಪ್ಪ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2007ರ ಸುಮಾರಿಗೆ ಎರಕದ ಸಿಕ್ಸ್-ಫೋರ್ ಮೇಲೆ ಈ ಕೆಲಸ ಮಾಡಿ, ದಪ್ಪ ಪದರಗಳು ಸುಮಾರು 1 ಮೈಕ್ರಾನಿನ ಹರಳುಗಳಾದದ್ದನ್ನು ತೋರಿಸಿದರು.

ಕೋಲು ಎಂಥಾದ್ದಿರಬೇಕು?

ಈಗ ಮಾಮು ಕೇಳಿದ ಪ್ರಶ್ನೆ. ಅಲ್ಯೂಮಿನಿಯಂ 400–500 ಡಿಗ್ರಿಯಲ್ಲಿ ತೊಳಸಲು ಸಿದ್ಧ. ಅದಕ್ಕೆ ಗಟ್ಟಿ ಉಕ್ಕಿನ ಪಿನ್ ಸಾಕು. ಟೈಟಾನಿಯಂಗೆ 900 ಡಿಗ್ರಿಯ ಆಚೀಚೆ ಬೇಕು. ಆ ಬಿಸಿಯಲ್ಲಿ ಉಕ್ಕಿನ ಪಿನ್ನೇ ಮೆದುವಾಗುತ್ತದೆ. ಆದ್ದರಿಂದ ಟಂಗ್‌ಸ್ಟನ್ ಮಿಶ್ರಲೋಹದ ಪಿನ್ ಬಳಸುತ್ತಾರೆ. ರೀನಿಯಂ ಸೇರಿಸಿದ ಟಂಗ್‌ಸ್ಟನ್ ಅವುಗಳಲ್ಲಿ ಒಂದು. ಬೆಲೆ ವಿಪರೀತ, ಆದರೂ ಸವೆಯುತ್ತದೆ. ಸವೆದ ಚೂರು ಟೈಟಾನಿಯಂ ಒಳಗೇ ಸಿಕ್ಕಿಕೊಂಡರೆ ಅದೇ ಹೊಸ ಬಿರುಕಿಗೆ ಮೂಲವಾಗಬಹುದು.

ಎರಡನೆಯ ಕಷ್ಟ ಗಾಳಿ. ಬಿಸಿ ಟೈಟಾನಿಯಂ ಗಾಳಿಯ ಆಮ್ಲಜನಕವನ್ನೂ ಸಾರಜನಕವನ್ನೂ ಹೀರಿ ಪೆಡಸಾಗುತ್ತದೆ. ಸೂ ಸಿಟಿಯ ಪಾಠ ಇಲ್ಲಿ ನೆನಪಾಗಬೇಕು. ಹಾಗಾಗಿ ತೊಳಸುವ ಜಾಗದ ಮೇಲೆ, ಅದು ತಣ್ಣಗಾಗುವವರೆಗೂ, ಆರ್ಗಾನ್ ಅನಿಲ ಹರಿಸುತ್ತಲೇ ಇರಬೇಕು.

ಮೂರನೆಯದು ಶಾಖ. ಟೈಟಾನಿಯಂ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಅಲ್ಯೂಮಿನಿಯಂನ ಉಷ್ಣವಾಹಕತೆ 200ರ ಮೇಲಿದ್ದರೆ ಅದೇ ಮಾನದಲ್ಲಿ ಸಿಕ್ಸ್-ಫೋರ್‌ನದು ಸುಮಾರು 7. ಮೇಲೆ ಉಜ್ಜಿದ ಬಿಸಿ ಕೆಳಗೆ ಇಳಿಯುವುದೇ ಇಲ್ಲ. ಮೇಲ್ಭಾಗ 995ರ ಗೆರೆ ದಾಟಿ ಚಾಪೆಯಾದರೆ, ಪಿನ್ನಿನ ತುದಿಯ ಹತ್ತಿರ ಗೆರೆಯ ಕೆಳಗೇ ಉಳಿದು ಸಾಸಿವೆಯಾಗಬಹುದು. ಆದ್ದರಿಂದಲೇ ಪಿನ್ ತಿರುಗುವ ವೇಗ, ಸಾಗುವ ವೇಗ, ಒತ್ತುವ ಬಲ ಮೂರನ್ನೂ ಲೆಕ್ಕ ಹಾಕಿ ಹಿಡಿಯಬೇಕು.

ನಮ್ಮ ರಾಜ್ಯದಲ್ಲಿ

ಇದೆಲ್ಲ ಪರದೇಶದ ಕೆಲಸ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದ ಸತೀಶ್ ವಿ. ಕೈಲಾಸ್ ಅವರು ಘರ್ಷಣೆ, ಸವೆತ ಮತ್ತು ಈ ಬೆಸುಗೆಯ ಮೇಲೆ ಹಲವು ವರ್ಷ ಕೆಲಸ ಮಾಡಿದ್ದಾರೆ. ಅವರು, ಅಲ್ಲಿಯೇ ಲೋಹಗಳ ಹರಳುರಚನೆಯನ್ನು ಅಭ್ಯಸಿಸುವ ಸತ್ಯಂ ಸುವಾಸ್ ಮತ್ತು ಸಂಶೋಧಕ ಅಮ್ಲಾನ್ ಕರ್ ಸೇರಿ ಟೈಟಾನಿಯಂ ಮತ್ತು ಅಲ್ಯೂಮಿನಿಯಂ ಹಲಗೆಗಳನ್ನು ಒಂದಕ್ಕೊಂದು ಬೆಸೆಯುವ ಪ್ರಯೋಗಗಳನ್ನು ಮಾಡಿದರು.

ಇದು ಸುಲಭವಲ್ಲ. ಈ ಎರಡು ಲೋಹಗಳನ್ನು ಕರಗಿಸಿ ಬೆಸೆದರೆ ನಡುವೆ ಇವೆರಡರ ಸಂಯುಕ್ತವೊಂದು ಹುಟ್ಟುತ್ತದೆ. ಅದು ಹಪ್ಪಳದಂತೆ ಪೆಡಸು. ಕರಗಿಸದೆ ತೊಳಸಿದರೆ ಅದರ ಪ್ರಮಾಣ ಕಡಿಮೆ. ನಡುವೆ ಸತು, ನಯೋಬಿಯಂನಂಥ ಬೇರೆ ಲೋಹದ ತೆಳು ಪದರ ಇಟ್ಟು ನೋಡಿದರು. ಒಮ್ಮೆ ತೊಳಸಿದ ಜಾಗದ ಮೇಲೆ ಉಪಕರಣವನ್ನು ಎರಡನೆಯ ಸಲ ಓಡಿಸಿಯೂ ನೋಡಿದರು. 2018ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಎರಡನೆಯ ಓಟದಿಂದ ಬೆಸುಗೆಯ ಗುಣಗಳು ಒಟ್ಟಿಗೇ ಸುಧಾರಿಸಿದವು. ಸಾಮಾನ್ಯವಾಗಿ ಬಲ ಹೆಚ್ಚಿಸಿದರೆ ಹಿಗ್ಗುವ ಗುಣ ಕಡಿಮೆಯಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಗಂಟು ಉಳಿದ ಮುದ್ದೆಯನ್ನು ಮತ್ತೊಮ್ಮೆ ತೊಳಸಿದಂತೆ ಎಂದು ನಾನು ಅರ್ಥ ಮಾಡಿಕೊಂಡೆ.

ಈ ವಿಷಯ ಮುಂದೆ ಓದಬೇಕೆನ್ನುವವರಿಗೆ ದಾರಿಗಳಿವೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಲೋಹಶಾಸ್ತ್ರದ್ದೇ ಎಂಜಿನಿಯರಿಂಗ್ ವಿಭಾಗವಿದೆ. ವಿಜ್ಞಾನ ಸಂಸ್ಥೆಯಲ್ಲಿ ಪಿಯುಸಿ ಮುಗಿಸಿದವರಿಗೂ ನಾಲ್ಕು ವರ್ಷದ ಪದವಿ ಇದೆ. ಅಲ್ಲಿನ ಓಪನ್ ಡೇ ದಿನ ಪ್ರಯೋಗಾಲಯಗಳನ್ನು ಜನರಿಗೆ ತೆರೆದಿಡುತ್ತಾರೆ. ನಮ್ಮ ಕಾಲೇಜಿನಿಂದ ಒಂದು ಬಸ್ಸು ಮಾಡಿಕೊಂಡು ಹೋಗಬಹುದೇ ಎಂದು ಉಪನ್ಯಾಸಕರನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ. ಐಟಿಐ, ಡಿಪ್ಲೊಮಾ ಕಡೆಗೆ ಹೋಗುವ ಗೆಳೆಯರೂ ಈ ವಿದ್ಯೆ ತಮ್ಮದಲ್ಲ ಎಂದುಕೊಳ್ಳಬಾರದು. ಪಿನ್ ಸವೆದಿರುವುದನ್ನು ಕಣ್ಣಲ್ಲೇ ಗುರುತಿಸುವವರು, ಸದ್ದಿನಲ್ಲೇ ಯಂತ್ರದ ವೇಗ ಹೆಚ್ಚಾಯಿತೆಂದು ಹೇಳುವವರು ಇಂಥ ಕಡೆ ಬೇಕೇ ಬೇಕು.

ಸದ್ಯಕ್ಕೆ ಯಂತ್ರವಿಲ್ಲದೆ ಮಾಡಬಹುದಾದ ಕೆಲಸವೊಂದಿದೆ. ಒಂದು ತುಂಡು ಬೈಂಡಿಂಗ್ ವೈರ್ ತೆಗೆದುಕೊಂಡು ಒಂದೇ ಜಾಗದಲ್ಲಿ ಅತ್ತಿತ್ತ ಬಗ್ಗಿಸಿ, ಎಷ್ಟನೆಯ ಸಲಕ್ಕೆ ಮುರಿಯಿತೆಂದು ಎಣಿಸಿ. ಇನ್ನೊಂದು ತುಂಡನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ನಿಧಾನವಾಗಿ ತಣ್ಣಗಾಗಲು ಬಿಟ್ಟು, ಹಾಗೆಯೇ ಎಣಿಸಿ. ಮೂರು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಕಾಯಿಸುವಾಗ ದೊಡ್ಡವರೊಬ್ಬರು ಜೊತೆಗಿರಲಿ. ಎರಡೂ ಒಂದೇ ಸುರುಳಿಯ ತಂತಿ. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಅದು ಒಳಗಿನ ರಚನೆ ಮಾಡಿದ ವ್ಯತ್ಯಾಸ. ಬಂದ ಸಂಖ್ಯೆಗಳನ್ನು ಭೌತಶಾಸ್ತ್ರ ಪ್ರಯೋಗಾಲಯದ ಬೋರ್ಡಿನ ಮೇಲೆ ಬರೆದಿಡಿ, ಒಟ್ಟಿಗೆ ಕೂತು ಚರ್ಚೆ ಮಾಡೋಣ.